ಗಾಡಿಯೇ ನಿಂಬೆಹಣ್ಣಾದರೆ?

ನಮ್ಮಲ್ಲಿ ಹೊಸ ಕಾರು ಬಂತೆಂದರೆ ಅದರ ಮೊದಲ ಪಯಣ ದೇವಸ್ಥಾನಕ್ಕೆ. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಮುಂದೆ ಹೂವಿನ ಹಾರ, ನಾಲ್ಕು ಚಕ್ರಗಳ ಅಡಿಗೆ ನಾಲ್ಕು ನಿಂಬೆಹಣ್ಣು. ಅವು ಪಚಕ್ಕನೆ ಒಡೆದರೆ ದೃಷ್ಟಿ ಕಳೆಯಿತೆಂದು ಮನೆಯವರಿಗೆಲ್ಲ ಸಮಾಧಾನ. ಅಮೆರಿಕಕ್ಕೆ ಹೋಗಿ ನೆಲೆಸಿದವರೂ ಈ ಪದ್ಧತಿಯನ್ನು ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಶಿವ-ವಿಷ್ಣು ದೇವಾಲಯದಲ್ಲಿ ವಾಹನಪೂಜೆ ಮಾಡಿಸಿಕೊಂಡ ಕಾರುಗಳಿಗೆ ಲೆಕ್ಕವಿಲ್ಲ.

ಆದರೆ ಆ ದೇಶದ ಆಡುಮಾತಿನಲ್ಲಿ 'ಲೆಮನ್' ಎಂದರೆ ಅರ್ಥವೇ ಬೇರೆ. ಕೊಂಡ ದಿನದಿಂದ ಗ್ಯಾರೇಜಿಗೆ ಅಲೆಸುವ, ಎಷ್ಟು ರಿಪೇರಿ ಮಾಡಿಸಿದರೂ ಸರಿಹೋಗದ ಕಾರಿಗೆ ಅಲ್ಲಿ ಲೆಮನ್ ಎಂದು ಹೆಸರು. ಅಂಥ ಕಾರನ್ನು ತಲೆಗೆ ಕಟ್ಟಿಸಿಕೊಂಡವರ ರಕ್ಷಣೆಗೆಂದು ಕಾನೂನೇ ಇದೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು ಇಂಥ ಕಾಯ್ದೆ ಮಾಡಿತು. ಕ್ಯಾಲಿಫೋರ್ನಿಯಾ ತನ್ನ 1970ರ ಗ್ರಾಹಕ ಕಾಯ್ದೆಗೆ ಅದೇ ವರ್ಷ ತಿದ್ದುಪಡಿ ತಂದಿತು. ಕೊಂಡ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಯಾದರೂ ಸರಿಹೋಗದಿದ್ದರೆ, ಪ್ರಾಣಕ್ಕೇ ಕುತ್ತು ತರುವ ದೋಷವಾದರೆ ಎರಡೇ ಸಲ ಸಾಕು, ಇಲ್ಲವೇ ಒಟ್ಟು 30 ದಿನಕ್ಕಿಂತ ಹೆಚ್ಚು ಗ್ಯಾರೇಜಿನಲ್ಲೇ ಕಳೆದಿದ್ದರೆ, ಅದು ಲೆಮನ್ ಎಂದು ಕಾನೂನು ಭಾವಿಸುತ್ತದೆ. ಕಂಪನಿ ಬೇರೆ ಕಾರು ಕೊಡಬೇಕು ಅಥವಾ ಹಣ ಹಿಂದಿರುಗಿಸಬೇಕು.

ಕೇಳಲು ಹಿತವಾಗಿದೆ. ಆದರೆ ಹೊಸದಾಗಿ ಆ ದೇಶಕ್ಕೆ ಹೋದವರಲ್ಲಿ ಹೊಸ ಕಾರು ಕೊಳ್ಳುವವರೆಷ್ಟು ಮಂದಿ? ಬಹುಪಾಲು ಜನ ಕೊಳ್ಳುವುದು ಹಳೆಯದನ್ನೇ. 2024ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು, ಕಂಪನಿಯ ವಾರಂಟಿ ಇನ್ನೂ ಸ್ವಲ್ಪ ಉಳಿದಿದೆ ಎಂಬ ಕಾರಣಕ್ಕೆ ಮಾತ್ರ ಹಳೆಯ ಕಾರನ್ನು ಈ ಕಾಯ್ದೆಯ 'ಹೊಸ ವಾಹನ'ವೆಂದು ಎಣಿಸಲಾಗದು ಎಂದು ತೀರ್ಪಿತ್ತಿತು. ಹೀಗಾಗಿ ಹಳೆಯ ಕಾರು ಕೊಳ್ಳುವವರು ಮೊದಲು ನಂಬಬೇಕಾದ್ದು ತಮ್ಮ ಕಣ್ಣನ್ನು, ಆಮೇಲೆ ಒಬ್ಬ ಒಳ್ಳೆಯ ಮೆಕ್ಯಾನಿಕ್‌ನನ್ನು.

ಮೈಸೂರಿನಲ್ಲೋ ದಾವಣಗೆರೆಯಲ್ಲೋ ಕುಳಿತ ತಂದೆ ತಾಯಿಗೆ ಒಂದು ಸಂಶಯ ಬರುವುದು ಸಹಜ. ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ಮಗನಿಗೆ ಆಗಲೇ ಕಾರಿನ ಶೋಕಿಯೇ? ಎಂಟು ಸಾವಿರ ಡಾಲರ್ ಎಂದರೆ ಸುಮಾರು ಏಳು ಲಕ್ಷ ರೂಪಾಯಿ, ಅಷ್ಟಕ್ಕೆ ಇಲ್ಲಿ ಹೊಸ ಕಾರೇ ಬರುತ್ತದಲ್ಲ? ಬರುತ್ತದೆ, ನಿಜ. ಆದರೆ ಇಲ್ಲಿ ಮನೆಯಿಂದ ಹೊರಬಿದ್ದರೆ ಆಟೋ ಇದೆ, ಬಸ್ಸಿದೆ, ಬೀದಿ ತುದಿಯಲ್ಲಿ ತರಕಾರಿ ಅಂಗಡಿಯಿದೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಬಾರ್ಟ್, ಕ್ಯಾಲ್‌ಟ್ರೇನ್ ಎಂಬ ರೈಲುಗಳಿವೆ. ಅವು ಹೋಗುವ ದಾರಿಯಲ್ಲಿ ಮನೆಯೂ ಕಚೇರಿಯೂ ಇದ್ದವರು ಪುಣ್ಯವಂತರು. ಉಳಿದವರಿಗೆ ಹಾಲು ತರಲೂ ಕಾರು, ಮಗುವಿಗೆ ಜ್ವರ ಬಂದರೂ ಕಾರು.

ಇದರ ಬಿಸಿ ಹೆಚ್ಚಾಗಿ ತಟ್ಟುವುದು ಮನೆಯಾಕೆಗೆ. ಗಂಡ ಇದ್ದೊಂದು ಕಾರು ತೆಗೆದುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟರೆ, ಊರಿನಲ್ಲಿ ಸ್ಕೂಟರ್ ಓಡಿಸಿಕೊಂಡು ಕಾಲೇಜಿನಲ್ಲಿ ಪಾಠ ಹೇಳಿ ಬರುತ್ತಿದ್ದವಳು ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಗಳ ನಡುವೆ ಸಂಜೆಯವರೆಗೆ ಕಾಯಬೇಕು. ಅವಲಂಬಿತರ ವೀಸಾದಲ್ಲಿ ಹೋದವರಿಗೆ ಕೆಲಸ ಮಾಡಲು ಬೇರೆ ಅನುಮತಿ ಬೇಕು, ಆದರೆ ಕಾರು ಓಡಿಸುವ ಲೈಸೆನ್ಸ್ ಪಡೆಯಲು ಅಡ್ಡಿಯಿಲ್ಲ. ಆದ್ದರಿಂದ ಕಾರಿನ ಆಯ್ಕೆಯ ಮಾತುಕತೆಯಲ್ಲಿ ಆಕೆಯೂ ಇರಬೇಕು, ಪರೀಕ್ಷೆಗೆಂದು ಓಡಿಸಿ ನೋಡುವಾಗ ಆಕೆಯೂ ಸ್ಟೀರಿಂಗ್ ಹಿಡಿಯಬೇಕು. ಗಂಡನ ಎತ್ತರಕ್ಕೆ ಒಪ್ಪಿದ ಸೀಟು ಹೆಂಡತಿಗೆ ಒಪ್ಪಬೇಕೆಂದಿಲ್ಲ. ಮುಂದಿನ ರಸ್ತೆ ಸರಿಯಾಗಿ ಕಾಣದ ಕಾರನ್ನು ಆಕೆ ನಾಲ್ಕು ದಿನ ಓಡಿಸಿ ಬಿಟ್ಟುಬಿಡುತ್ತಾಳೆ, ಆಮೇಲೆ ಎರಡನೆಯ ಕಾರಿನ ಖರ್ಚು.

ಅರವತ್ತು ದಿನದ ಲೆಕ್ಕ

ಅಮೆರಿಕದಲ್ಲಿ ಭಾರತೀಯರ ಮನೆಗಳ ಮುಂದೆ ಟೊಯೊಟಾ ಕ್ಯಾಮ್ರಿ, ಕೊರೊಲಾ, ಹೋಂಡಾ ಅಕಾರ್ಡ್, ಸಿವಿಕ್‌ಗಳೇ ಏಕೆ ಸಾಲಾಗಿ ನಿಂತಿರುತ್ತವೆ ಎಂದು ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಗೇಲಿ ಮಾಡುವುದುಂಟು. ಅಪ್ಪಂದಿರಿಗೆ ಕಲ್ಪನಾಶಕ್ತಿ ಇಲ್ಲವೆಂದು ಅವರ ದೂರು. ಆದರೆ ಇದರ ಹಿಂದೆ ಒಂದು ಲೆಕ್ಕವಿದೆ. ಎಚ್-1ಬಿ ವೀಸಾದಲ್ಲಿರುವವನು ಕೆಲಸ ಕಳೆದುಕೊಂಡರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ ಬೇರೆ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಅವನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಮನೆಯ ಸಾಮಾನು, ಮಕ್ಕಳ ಶಾಲೆ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಮುಗಿಸಿ ಕಾರನ್ನೂ ಮಾರಬೇಕು. 2022 ಮತ್ತು 2023ರಲ್ಲಿ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳುಹಿಸಿದಾಗ ಈ ಲೆಕ್ಕದ ಬೆಲೆ ಅನೇಕರಿಗೆ ಅರಿವಾಯಿತು. ವಾರದೊಳಗೆ, ಹೆಚ್ಚು ನಷ್ಟವಿಲ್ಲದೆ ಕೈಬಿಡುವ ಕಾರು ಯಾವುದು? ಎಲ್ಲರಿಗೂ ಗೊತ್ತಿರುವ, ಎಲ್ಲ ಊರಿನಲ್ಲೂ ಬಿಡಿಭಾಗ ಸಿಗುವ ಕಾರು. ಜರ್ಮನಿಯ ಐಷಾರಾಮಿ ಕಾರುಗಳು ಹಳೆಯದಾದಾಗ ಅಗ್ಗಕ್ಕೆ ಸಿಗುತ್ತವೆ. ಅವುಗಳ ರಿಪೇರಿ ಮಾತ್ರ ಹಳೆಯ ಕಾರಿನ ದರದಲ್ಲಿ ಆಗುವುದಿಲ್ಲ. ಊರಿನಲ್ಲಿ ದುಡಿಯುವಾಗ ಕನಸಿನಲ್ಲೂ ಎಟುಕದ ಹೆಸರೊಂದು ಹನ್ನೆರಡು ಸಾವಿರ ಡಾಲರಿಗೆ ಕಣ್ಣೆದುರು ನಿಂತರೆ ಮನಸ್ಸು ಜಾರುತ್ತದೆ. ಜಾರಬಾರದು ಎಂದೇ ನನ್ನ ಅಭಿಪ್ರಾಯ.

ವಿದ್ಯುತ್ ಕಾರಿನ ಮಾತು ಈಗ ಎಲ್ಲೆಡೆ ಇದೆ. ಸ್ವಂತ ಮನೆ, ಸ್ವಂತ ಗ್ಯಾರೇಜು ಇದ್ದವರಿಗೆ ಅದು ಸರಿ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ, ಚಾರ್ಜ್ ಮಾಡುವ ಜಾಗಕ್ಕೆ ಸರದಿ ಕಾಯುತ್ತ ಇರುವ ಕುಟುಂಬಕ್ಕೆ ಅದು ದಿನದಿನದ ತಲೆನೋವು. ಕೇಂದ್ರ ಸರಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿಯೂ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮನೆಯಲ್ಲಿ ಪ್ಲಗ್ಗಿನ ವ್ಯವಸ್ಥೆ ಇಲ್ಲದವರಿಗೆ ಪೆಟ್ರೋಲ್ ಹೈಬ್ರಿಡ್ ಒಳ್ಳೆಯ ನಡುದಾರಿ. ಇಂಧನದ ಲೆಕ್ಕ ಹಾಕುವಾಗ ಅಲ್ಲಿ ಮೈಲಿ, ಗ್ಯಾಲನ್ ಎಂಬುದು ನೆನಪಿರಲಿ. ಗ್ಯಾಲನ್ನಿಗೆ 30 ಮೈಲಿ ಎಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 12.7 ಕಿಲೋಮೀಟರ್ ಮಾತ್ರ.

ಕಾರಿನಲ್ಲಿ ಕೂರುವವರು ಯಾರು?

ನಾಲ್ವರ ಸಂಸಾರಕ್ಕೆ ಐದು ಸೀಟಿನ ಕಾರು ಸಾಕಲ್ಲವೇ ಎಂದರೆ, ಕಾಗದದ ಮೇಲೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನ ಮಕ್ಕಳು, 4 ಅಡಿ 9 ಅಂಗುಲ ಬೆಳೆದವರ ಹೊರತು, ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಅಥವಾ ಬೂಸ್ಟರ್ ಮೇಲೆಯೇ ಕೂರಬೇಕು. ಎರಡು ವರ್ಷದೊಳಗಿನ ಮಗು 40 ಪೌಂಡ್ ತೂಕ ಅಥವಾ 40 ಅಂಗುಲ ಎತ್ತರ ಮುಟ್ಟುವವರೆಗೆ ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಕೊರೊಲಾದಂಥ ಕಾರಿನ ಹಿಂದಿನ ಸಾಲಿನಲ್ಲಿ ಇಂಥ ಎರಡು ಸೀಟು ಬಿಗಿದರೆ ನಡುವೆ ಉಳಿಯುವ ಜಾಗದಲ್ಲಿ ಹೊರೆಯ ಚೀಲ ಕೂರಬಹುದು, ಮನುಷ್ಯರು ಕೂರುವುದು ಕಷ್ಟ. ಅಷ್ಟರಲ್ಲಿ ಬೇಸಿಗೆ ಬರುತ್ತದೆ, ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೆಂದೋ ಊರಿನಿಂದ ಅಜ್ಜ ಅಜ್ಜಿ ಆರು ತಿಂಗಳಿಗೆ ಬಂದಿಳಿಯುತ್ತಾರೆ.

ಆಗ ಶುರುವಾಗುವುದು ನಿಜವಾದ ಪರೀಕ್ಷೆ. ಮಂಡಿನೋವಿನ ಅಜ್ಜಿಗೆ ತಗ್ಗಿನ ಸೆಡಾನಿನಲ್ಲಿ ಕುಳಿತರೆ ಏಳಲಾಗದು, ಎತ್ತರದ ಎಸ್‌ಯುವಿಗೆ ಹತ್ತಲಾಗದು. ಸೀರೆ ಉಟ್ಟವರಿಗೆ ಇನ್ನೂ ಕಷ್ಟ. ನೆಲಕ್ಕೆ ಹತ್ತಿರವಿದ್ದು, ಬಾಗಿಲು ಪಕ್ಕಕ್ಕೆ ಸರಿಯುವ ಮಿನಿವ್ಯಾನಿನಷ್ಟು ಹಿರಿಯರಿಗೆ ಅನುಕೂಲವಾದ ವಾಹನ ಇನ್ನೊಂದಿಲ್ಲ. 1980ರ ದಶಕದಲ್ಲಿ ಕ್ರೈಸ್ಲರ್ ಕಂಪನಿ ಜನಪ್ರಿಯಗೊಳಿಸಿದ ಈ ಮಾದರಿಯಲ್ಲಿ ಈಗ ಹೋಂಡಾ ಒಡಿಸ್ಸಿ, ಟೊಯೊಟಾ ಸಿಯೆನ್ನಾಗಳು ಪ್ರಸಿದ್ಧ. 2021ರ ಮಾದರಿಯಿಂದ ಸಿಯೆನ್ನಾ ಹೈಬ್ರಿಡ್ ಆಗಿಯೇ ಬರುತ್ತಿದೆ. ಒಂದು ಮನೆಯಲ್ಲಿ ಇದನ್ನು ಕೊಳ್ಳುವ ಮಾತು ಬಂದಾಗ ಹನ್ನೆರಡರ ಮಗಳು, "ಅಪ್ಪಾ, ಅದು ಥೇಟ್ ಹಾಲಿನ ವ್ಯಾನ್ ಇದ್ದ ಹಾಗಿದೆ, ನಾನಂತೂ ಸ್ಕೂಲಿನ ಹತ್ತಿರ ಅದರಿಂದ ಇಳಿಯೋಲ್ಲ" ಎಂದು ಹಟ ಹಿಡಿದದ್ದನ್ನು ನಾನೇ ಕೇಳಿದ್ದೇನೆ. ರಾಜ್ಯೋತ್ಸವದ ದಿನ ಕನ್ನಡ ಕೂಟಕ್ಕೆ ಐವತ್ತು ಜನರ ಪುಳಿಯೋಗರೆ ಪಾತ್ರೆ, ಹಾರ್ಮೋನಿಯಂ, ನಾಟಕದ ಕಿರೀಟ ಗದೆಗಳೆಲ್ಲ ಅದರೊಳಗೇ ಹೋದವು. ಮಗಳೂ ಅದರಲ್ಲೇ ಹೋದಳು.

ಆದರೆ ವರ್ಷಕ್ಕೊಮ್ಮೆ ಬರುವ ಸಂದರ್ಭಕ್ಕಾಗಿ ವರ್ಷವಿಡೀ ದೊಡ್ಡ ಗಾಡಿ ಸಾಕುವುದು ಜಾಣತನವಲ್ಲ. ಊರಿನಿಂದ ಮರಳುವಾಗ ನಾಲ್ವರಿಗೆ ಎಂಟು ಪೆಟ್ಟಿಗೆ, ಅದರೊಳಗೆ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ. ಆ ಒಂದು ದಿನಕ್ಕೆ ವ್ಯಾನು ಬಾಡಿಗೆಗೆ ಸಿಗುತ್ತದೆ.

ಮಕ್ಕಳ ಸೀಟಿನ ವಿಷಯದಲ್ಲಿ ಹಿರಿಯರೊಂದಿಗೆ ಒಂದು ಜಗಳ ಕಾದೇ ಇರುತ್ತದೆ. ಮಗು ಅಳುತ್ತಿದೆ, ಅಜ್ಜಿ ಪಕ್ಕದಲ್ಲೇ ಇದ್ದಾರೆ. "ನನ್ನ ತೊಡೆಗಿಂತ ಭದ್ರವಾದ ಜಾಗ ಯಾವುದಿದೆಯಪ್ಪ? ನಿನ್ನನ್ನೂ ಹೀಗೇ ಅಲ್ಲವೇ ಕರಕೊಂಡು ಬಂದದ್ದು?" ಎಂದರೆ ಏನು ಹೇಳುವುದು? ಕಾನೂನು, ದಂಡ ಎಂದರೆ ಅವರಿಗೆ ಬೇಸರವಾಗುತ್ತದೆ. ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ತೋರಿಸಲಿ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಹತ್ತು ಕಿಲೋ ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದು ನಿಲ್ಲಿಸಲು 140 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ಅಜ್ಜಿಯ ತೋಳಿಗೂ, ಯಾವ ಪೈಲ್ವಾನನ ತೋಳಿಗೂ ಅದು ಸಾಧ್ಯವಿಲ್ಲ.

ಸುರಕ್ಷತೆಯ ವಿಷಯದಲ್ಲಿ ಹಳೆಯ ಕಾರು ಕೊಳ್ಳುವವರು ಎರಡು ವರ್ಷಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಿರುವಿನಲ್ಲಿ ಕಾರು ಜಾರಿ ಪಲ್ಟಿಯಾಗದಂತೆ ಚಕ್ರಗಳನ್ನು ತಾನೇ ಹಿಡಿತಕ್ಕೆ ತರುವ ಇಲೆಕ್ಟ್ರಾನಿಕ್ ವ್ಯವಸ್ಥೆ ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಹಿಂದಕ್ಕೆ ಬರುವಾಗ ಹಿಂಬದಿ ತೋರಿಸುವ ಕ್ಯಾಮೆರಾ 2018ರ ಮೇ ತಿಂಗಳಿಂದ ಕಡ್ಡಾಯ. ಸರಕಾರ ಕೊಡುವ ನಕ್ಷತ್ರಗಳೂ ವಿಮಾ ಕಂಪನಿಗಳ ಹಣದಿಂದ ನಡೆಯುವ ಸಂಸ್ಥೆಯೊಂದು ಕಾರುಗಳನ್ನು ಗುದ್ದಿಸಿ ನೋಡಿ ಕೊಡುವ ಅಂಕಗಳೂ ಸಾರ್ವಜನಿಕರಿಗೆ ಲಭ್ಯ. ನಮ್ಮಲ್ಲೂ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಇಂಥ ಪರೀಕ್ಷೆ ಆರಂಭವಾಗಿದೆ.

ಹದಿನೇಳು ಅಕ್ಷರಗಳ ಜಾತಕ

ಪ್ರತಿ ಕಾರಿಗೂ ಒಂದು ಜಾತಕವಿದೆ. 1981ರಿಂದ ಅಮೆರಿಕದ ಎಲ್ಲ ಕಾರುಗಳಿಗೂ ಅಕ್ಷರ, ಅಂಕಿ ಸೇರಿ 17 ಚಿಹ್ನೆಗಳ ಗುರುತಿನ ಸಂಖ್ಯೆ ಇರುತ್ತದೆ. ಸೊನ್ನೆ, ಒಂದರೊಂದಿಗೆ ಗೊಂದಲವಾಗಬಾರದೆಂದು ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಹತ್ತನೆಯದು ಯಾವ ವರ್ಷದ ಮಾದರಿ ಎಂಬುದನ್ನು ಹೇಳುತ್ತದೆ. ಚಾಲಕನ ಕಡೆಯ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ ಇದು ಕಾಣುತ್ತದೆ. ಬಾಗಿಲ ಚೌಕಟ್ಟಿನಲ್ಲೂ ಇರುತ್ತದೆ. ಎರಡೂ ಒಂದೇ ಆಗಿರಬೇಕು. ಈ ಸಂಖ್ಯೆ ಕೊಟ್ಟರೆ ಆ ಕಾರು ಹಿಂದೆ ಎಷ್ಟು ಕೈ ಬದಲಾಯಿತು, ಅಪಘಾತವಾಗಿತ್ತೇ, ವಿಮಾ ಕಂಪನಿ ಅದನ್ನು ಗುಜರಿಗೆ ಸಮವೆಂದು ಬರೆದುಹಾಕಿತ್ತೇ ಎಂದು ತಿಳಿಸುವ ವರದಿಗಳು ಹಣಕ್ಕೆ ಸಿಗುತ್ತವೆ. ಕಂಪನಿ ದೋಷ ಒಪ್ಪಿಕೊಂಡು ವಾಪಸು ಕರೆದ ಕಾರೇ ಎಂಬುದನ್ನು ಸರಕಾರದ ಹೆದ್ದಾರಿ ಸುರಕ್ಷತಾ ಇಲಾಖೆ ಪುಕ್ಕಟೆಯಾಗಿ ಹೇಳುತ್ತದೆ. ತಕಾಟ ಕಂಪನಿಯ ಸುಮಾರು 6.7 ಕೋಟಿ ಏರ್‌ಬ್ಯಾಗುಗಳು ಆ ದೇಶದಲ್ಲಿ ಹೀಗೆ ವಾಪಸಾತಿಗೆ ಒಳಗಾದವು. ಪ್ರಾಣ ಉಳಿಸಬೇಕಾದವು ಸಿಡಿದು ಲೋಹದ ಚೂರು ಚಿಮ್ಮಿಸಿ ಪ್ರಾಣ ತೆಗೆದಿದ್ದವು. ಇಂಥ ರಿಪೇರಿಗೆ ಮಾಲೀಕ ಹಣ ಕೊಡಬೇಕಿಲ್ಲ. ಆದರೆ ರಿಪೇರಿ ಬಾಕಿಯಿರುವ ಹಳೆಯ ಕಾರನ್ನು ಮಾರದಂತೆ ದೇಶಕ್ಕೆಲ್ಲ ಅನ್ವಯಿಸುವ ತಡೆಯಿಲ್ಲ, ಹೀಗಾಗಿ ಕೊಳ್ಳುವವನೇ ನೋಡಿಕೊಳ್ಳಬೇಕು.

ಜಾತಕ ಕೂಡಿಬಂದರೂ ಹುಡುಗನನ್ನು ನೋಡದೆ ಮದುವೆ ಮಾಡುವುದುಂಟೇ? ಡೀಲರನಿಗೂ ಮಾರುವವನಿಗೂ ಸಂಬಂಧವಿಲ್ಲದ ಮೆಕ್ಯಾನಿಕ್‌ನ ಬಳಿ ಒಯ್ದು ನೂರು ಇನ್ನೂರು ಡಾಲರ್ ಕೊಟ್ಟು ತಪಾಸಣೆ ಮಾಡಿಸಬೇಕು. ಅದಕ್ಕೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರುವುದೇ ಲೇಸು. 2005ರ ಕತ್ರಿನಾ, 2017ರ ಹಾರ್ವೆ ಚಂಡಮಾರುತಗಳಲ್ಲಿ ಮುಳುಗಿದಂಥ ಕಾರುಗಳು ತೊಳೆದು ಒರೆಸಿಕೊಂಡು ದೂರದ ರಾಜ್ಯಗಳಲ್ಲಿ ಮಾರಾಟಕ್ಕೆ ಬರುತ್ತವೆ. ನೆಲಹಾಸನ್ನು ಎತ್ತಿ ನೋಡಿ: ಕೆಸರಿನ ಪುಡಿ, ಸೀಟಿನ ಬೋಲ್ಟಿನಲ್ಲಿ ತುಕ್ಕು, ಮುಗ್ಗಲು ವಾಸನೆ ಇದ್ದರೆ ಅನುಮಾನಿಸಿ. ಮಿಷಿಗನ್‌ನಂಥ ಹಿಮದ ನಾಡಿನಲ್ಲಾದರೆ ಅಡಿಭಾಗವನ್ನು ನೋಡಲೇಬೇಕು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಟೈರಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರು ಹಾಕಿಸಿದ್ದೇನೆ ಎನ್ನುವವನ ಮಾತನ್ನು ಟೈರೇ ಪರೀಕ್ಷಿಸಿ ಹೇಳುತ್ತದೆ.

ಡೀಲರನ ಬಳಿ ಇರುವ ಹಳೆಯ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಿರಬೇಕೆಂದು 1985ರಿಂದ ಕೇಂದ್ರ ನಿಯಮವಿದೆ. ವಾರಂಟಿ ಇದೆಯೋ, 'ಆ್ಯಸ್ ಈಸ್', ಅಂದರೆ ಇದ್ದದ್ದು ಇದ್ದಂತೆಯೋ ಎಂದು ಅದರಲ್ಲಿ ಬರೆದಿರುತ್ತದೆ. ಇದ್ದಂತೆ ಎಂದು ಬರೆದಿದ್ದರೆ, ಗೇಟು ದಾಟಿದ ಮೇಲೆ ಇಂಜಿನ್ ಕೈಕೊಟ್ಟರೂ ರಿಪೇರಿ ಖರ್ಚು ಸಾಮಾನ್ಯವಾಗಿ ಕೊಂಡವನದೇ. ಮನಸ್ಸು ಬದಲಾಯಿತೆಂದು ಮರುದಿನ ಹಿಂದಿರುಗಿಸುವ ಹಕ್ಕು ದೇಶದ ಎಲ್ಲ ಕಡೆಯೂ ಇಲ್ಲ. ಆಯಾ ರಾಜ್ಯದ ನಿಯಮವನ್ನು ಸಹಿಗೆ ಮುಂಚೆ ಕೇಳಿಕೊಳ್ಳಬೇಕು.

ಹಣದ ಮಾತು

ಊರಿನಲ್ಲಿ ಹತ್ತು ವರ್ಷ ಕಂತು ತಪ್ಪದೆ ಸಾಲ ತೀರಿಸಿದವನಾದರೂ ಅಮೆರಿಕದ ಬ್ಯಾಂಕಿಗೆ ಅವನು ಅಂದು ಹುಟ್ಟಿದ ಕೂಸು. ಅಲ್ಲಿಯ ಸಾಲದ ಚರಿತ್ರೆ ಇಲ್ಲದವನಿಗೆ, ಸಂಬಳ ಎಷ್ಟೇ ಇರಲಿ, ಸಾಲ ಸಿಗುವುದು ಕಷ್ಟ. ಸಿಕ್ಕರೂ ಬಡ್ಡಿ ಜಾಸ್ತಿ. ಇದನ್ನು ಬಲ್ಲ ಮಾರಾಟಗಾರ ಕಾರಿನ ಬೆಲೆಯ ಮಾತೇ ಎತ್ತದೆ, "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂದು ಕೇಳುತ್ತಾನೆ. ಉತ್ತರ ಕೊಟ್ಟಿರೋ, ಕಂತಿನ ವರ್ಷಗಳನ್ನು ಎಳೆದೆಳೆದು ಆ ಅಂಕಿಗೆ ತಂದು ಕೂರಿಸುತ್ತಾನೆ. ಉದಾಹರಣೆಗೆ, ಶೇಕಡ 12ರ ಬಡ್ಡಿಗೆ 20,000 ಡಾಲರ್ ಸಾಲ ತೆಗೆದರೆ ಆರು ವರ್ಷಕ್ಕೆ ತಿಂಗಳಿಗೆ 391 ಡಾಲರ್, ನಾಲ್ಕು ವರ್ಷಕ್ಕಾದರೆ 527. ಮೊದಲನೆಯದು ಹಗುರವೆನಿಸುತ್ತದೆ. ಒಟ್ಟು ಕಟ್ಟುವುದು ಮಾತ್ರ ಸುಮಾರು 28,150. ಎರಡನೆಯದರಲ್ಲಿ ಸುಮಾರು 25,300. ಹತ್ತನೇ ತರಗತಿ ದಾಟಿದ ಮಕ್ಕಳು ಈ ಲೆಕ್ಕವನ್ನು ತಾವೇ ಹಾಕಿ ನೋಡಬಹುದು.

ಆದ್ದರಿಂದ ಕೇಳಬೇಕಾದ್ದು ಒಂದೇ: ತೆರಿಗೆ, ನೋಂದಣಿ, ಡೀಲರನ ಶುಲ್ಕ ಎಲ್ಲ ಸೇರಿ ಕಾರನ್ನು ಹೊರಗೆ ಓಡಿಸಿಕೊಂಡು ಹೋಗಲು ಎಷ್ಟು? ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆಯೇ ಶೇಕಡ 7.25ರಿಂದ ಶುರುವಾಗಿ ಕೆಲವು ಊರುಗಳಲ್ಲಿ 10 ದಾಟುತ್ತದೆ. ಖಾಸಗಿಯವರಿಂದ ಕೊಂಡರೂ ನೋಂದಣಿ ಕಚೇರಿಯಲ್ಲಿ ಈ ತೆರಿಗೆ ಕಟ್ಟಲೇಬೇಕು.

ವಿಮೆ ಇನ್ನೊಂದು ದೊಡ್ಡ ಖರ್ಚು. 1967ರಿಂದ ಬದಲಾಗದೆ ಇದ್ದ ಕನಿಷ್ಠ ವಿಮೆಯ ಮಿತಿಯನ್ನು ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಏರಿಸಿತು: ನಮ್ಮಿಂದ ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿಯ ಹಾನಿಗೆ 15,000. ಅಲ್ಲಿಯ ಆಸ್ಪತ್ರೆಗಳ ಬಿಲ್ಲು ಕಂಡವರಿಗೆ ಇದೂ ಸಾಲದೆಂದು ಗೊತ್ತು. ಹಳೆಯ ಕಾರಿಗೆ ಸ್ವಂತ ಹಾನಿಯ ವಿಮೆ ಬಿಟ್ಟರೂ ನಡೆಯುತ್ತದೆ, ಇನ್ನೊಬ್ಬರಿಗಾಗುವ ಹಾನಿಯ ವಿಮೆಯಲ್ಲಿ ಜಿಪುಣತನ ಸಲ್ಲ. ಯಾವ ಕಾರಿಗೆ ಎಷ್ಟು ವಿಮೆ ಎಂಬುದನ್ನು ಕೊಳ್ಳುವ ಮುಂಚೆಯೇ ವಿಚಾರಿಸಬೇಕು. ಕಳ್ಳರ ಕಣ್ಣು ಹೆಚ್ಚಾಗಿ ಬೀಳುವ ಮಾದರಿಗಳಿಗೆ ವಿಮೆ ದುಬಾರಿ.

ಲೈಸೆನ್ಸ್ ಇಲ್ಲದೆ ಇದೆಲ್ಲ ವ್ಯರ್ಥ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು 10 ದಿನದೊಳಗೆ ಅಲ್ಲಿಯ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಹದಿನೈದು ವರ್ಷ ಕಾರು ಓಡಿಸಿದವರೂ ಅಲ್ಲಿ ಒಮ್ಮೆ ಫೇಲಾಗುವುದು ಅಪರೂಪವಲ್ಲ. 'ಸ್ಟಾಪ್' ಫಲಕದ ಬಳಿ ಯಾರೂ ಇಲ್ಲವೆಂದು ನಿಧಾನಿಸಿ ಮುಂದೆ ಹೋದರೆ ತಪ್ಪು, ಚಕ್ರ ಪೂರ್ತಿ ನಿಲ್ಲಬೇಕು. ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ನೋಡಬೇಕು. ಇಂಡಿಕೇಟರ್ ಎಡಗೈಗೆ ಬರುವುದರಿಂದ ಮೊದಲ ವಾರವೆಲ್ಲ ರಣಬಿಸಿಲಿನಲ್ಲಿ ವೈಪರ್ ಆಡುತ್ತಿರುತ್ತದೆ.

ಓದಲು ಹೋದ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಬೇರೆ. ಮೊದಲ ಸೆಮಿಸ್ಟರ್ ಕಾರಿಲ್ಲದೆ ಕಳೆಯಿರಿ. ವಿಶ್ವವಿದ್ಯಾಲಯದ ಬಸ್ಸಿರುತ್ತದೆ, ಕಾರಿದ್ದ ಹಿರಿಯ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಅಂಗಡಿಗೆ ಕರೆದೊಯ್ಯುತ್ತಾರೆ. ಶಿಕ್ಷಣ ಸಾಲದ ಹಣದಲ್ಲಿ ಕಾರು ಕೊಂಡರೆ ಊರಿನಲ್ಲಿ ಅಪ್ಪ ಒತ್ತೆಯಿಟ್ಟ ಮನೆಯ ಮೇಲೆ ಅದರ ಬಡ್ಡಿ ಓಡುತ್ತಿರುತ್ತದೆ. ನಾಲ್ವರು ಗೆಳೆಯರು ಸೇರಿ ಒಂದು ಕಾರು ಕೊಳ್ಳುವುದೂ ಉಂಟು. ಹಾಗೆ ಮಾಡುವವರು ಮಾಲೀಕತ್ವದ ಪತ್ರದಲ್ಲಿ ಹೆಸರುಗಳ ನಡುವೆ ಏನಿದೆ ಎಂದು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 'ಮತ್ತು' ಎಂದಿದ್ದರೆ ಮಾರುವಾಗ ಎಲ್ಲರ ಸಹಿಯೂ ಬೇಕು, 'ಅಥವಾ' ಎಂದಿದ್ದರೆ ಒಬ್ಬನೇ ಮಾರಿಬಿಡಬಹುದು. ಓಡಿಸುವ ನಾಲ್ವರ ಹೆಸರೂ ವಿಮಾ ಕಂಪನಿಗೆ ತಿಳಿದಿರಬೇಕು, ಇಲ್ಲವಾದರೆ ಅಪಘಾತದ ದಿನ ಅದು ಕೈತೊಳೆದುಕೊಳ್ಳಲು ನೋಡುತ್ತದೆ.

ಈ ಪತ್ರಕ್ಕೆ ಅಲ್ಲಿ 'ಪಿಂಕ್ ಸ್ಲಿಪ್' ಎನ್ನುತ್ತಾರೆ, ಹಿಂದೆ ಗುಲಾಬಿ ಬಣ್ಣದಲ್ಲಿ ಇರುತ್ತಿದ್ದುದರಿಂದ. ಖಾಸಗಿಯವರಿಂದ ಕೊಳ್ಳುವಾಗ ಇದು ಕೈಗೆ ಬಾರದೆ ಹಣ ಕೊಡಬಾರದು. ಮಾರುವವನ ಗುರುತಿನ ಚೀಟಿಯ ಹೆಸರಿಗೂ ಇದರ ಹೆಸರಿಗೂ ತಾಳೆ ನೋಡಬೇಕು. ತೀರ ಹೊಸದಲ್ಲದ ಪೆಟ್ರೋಲ್ ಕಾರಾದರೆ 90 ದಿನದೊಳಗಿನ ಹೊಗೆ ತಪಾಸಣೆಯ ಪ್ರಮಾಣಪತ್ರ ಕೊಡುವುದು ಮಾರುವವನ ಹೊಣೆ. ಕೊಂಡವನು 10 ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ಮುಂದೊಂದು ದಿನ ಮಾರುವ ಸರದಿ ಬಂದಾಗ, ಮಾರಿದ 5 ದಿನದೊಳಗೆ ಇಲಾಖೆಗೆ ತಿಳಿಸುವ ಒಂದು ಅರ್ಜಿಯಿದೆ, ಅದನ್ನು ವಿಮಾನ ಹತ್ತುವ ಗಡಿಬಿಡಿಯಲ್ಲಿ ಮರೆಯಬಾರದು. ಅಲ್ಲಿ ನಂಬರ್ ಪ್ಲೇಟು ಸಾಮಾನ್ಯವಾಗಿ ಕಾರಿನೊಂದಿಗೇ ಹೋಗುತ್ತದೆ. ಅರ್ಜಿ ಸಲ್ಲಿಸದಿದ್ದರೆ ಹೊಸ ಮಾಲೀಕನ ಪಾರ್ಕಿಂಗ್ ದಂಡ, ಸೇತುವೆಯ ಸುಂಕದ ಬಾಕಿ ಎಲ್ಲವೂ ಹಳೆಯ ಹೆಸರಿಗೇ ಬರುತ್ತಿರುತ್ತವೆ.